ಗಡ್‌ಬಡ್‌ನೊಳಗಿನ ಕೆಂಪು ಜೆಲ್ಲಿ

2012ರಲ್ಲಿ ವೇಣೂರಿನ ಬಾಹುಬಲಿಗೆ ಮಹಾಮಸ್ತಕಾಭಿಷೇಕ ನಡೆದಾಗ ನಾವೂ ನೋಡಲು ಹೋಗಿದ್ದೆವು. ಫಲ್ಗುಣಿ ನದಿಯ ದಂಡೆಯಲ್ಲಿ 1604ರಲ್ಲಿ ಅಜಿಲರ ದೊರೆ ತಿಮ್ಮಣ್ಣ ಅಜಿಲ ನಿಲ್ಲಿಸಿದ ಆ 35 ಅಡಿಯ ಮೂರ್ತಿ ಜೈನರಿಗೆ ಆರಾಧ್ಯ, ಊರಿನ ಉಳಿದವರಿಗೆ ಹೆಮ್ಮೆ. ಜೊತೆಯಲ್ಲಿ ನಮ್ಮ ಜೈನ ಗೆಳೆಯರೊಬ್ಬರಿದ್ದರು. ಸಂಜೆ ಮರಳುವಾಗ ಮೂಡುಬಿದಿರೆಯಲ್ಲಿ ಒಂದು ಐಸ್‌ಕ್ರೀಂ ಅಂಗಡಿಗೆ ನುಗ್ಗಿದೆವು. ಸೂರ್ಯ ಮುಳುಗಿದ ಮೇಲೆ ಅವರು ಉಣ್ಣುವುದಿಲ್ಲ, ಹಾಗಾಗಿ ಅವಸರವಿತ್ತು. ಎರಡು ಗಡ್‌ಬಡ್ ಹೇಳಿದೆವು. ಉದ್ದ ಲೋಟದಲ್ಲಿ ಐಸ್‌ಕ್ರೀಂ, ಹಣ್ಣು, ಗೋಡಂಬಿ, ನಡುವೆ ಹೊಳೆಯುವ ಕೆಂಪು ಜೆಲ್ಲಿ. ಚಮಚ ಹಾಕುವ ಮುನ್ನ ನಾವಿಬ್ಬರೂ ಒಟ್ಟಿಗೇ ಕೇಳಿದ ಪ್ರಶ್ನೆ ಒಂದೇ ಆಗಿತ್ತು: ‘ಈ ಜೆಲ್ಲಿ ಯಾವುದರಿಂದ ಮಾಡಿದ್ದು?’

ಅಂಗಡಿಯ ಹುಡುಗ ನಕ್ಕ. ಒಳಗಿನಿಂದ ಪೊಟ್ಟಣ ತಂದು ತೋರಿಸಿದ. ಹಸಿರು ಚುಕ್ಕೆ ಇತ್ತು, ಚೈನಾ ಗ್ರಾಸಿನ ಜೆಲ್ಲಿ. ಇಬ್ಬರೂ ನೆಮ್ಮದಿಯಿಂದ ತಿಂದೆವು.

ಗೆಳೆಯರ ಕಾರಣ ಅಹಿಂಸೆ, ನಮ್ಮದು ಹಲಾಲ್. ಕಾರಣ ಬೇರೆಯಾದರೂ ಪ್ರಶ್ನೆ ಒಂದೇ. ಈ ಪ್ರಶ್ನೆಗೆ ಮೂರನೆಯ ಹಕ್ಕುದಾರರೂ ಇದ್ದಾರೆಂಬುದು ನಮಗೆ ಆಮೇಲೆ ಹೊಳೆಯಿತು. ಅಮೆರಿಕದಲ್ಲಿ ನೆಲೆಸಿರುವ ನಮ್ಮ ಬಂಧುವೊಬ್ಬರು ಫೋನಿನಲ್ಲಿ ಹೇಳಿದರು: ‘ಮಕ್ಕಳು ಐಸ್‌ಕ್ರೀಂ ಎಂದು ಹಠ ಹಿಡಿದರೆ ನಾವು ಡಬ್ಬದ ಮೇಲೆ ವೃತ್ತದೊಳಗಿನ ಯು ಅಕ್ಷರ ಹುಡುಕುತ್ತೇವೆ.’ ಅದು ಯಹೂದಿಗಳ ಕೋಷರ್ ಮುದ್ರೆ. ಯಹೂದಿ ಧರ್ಮಶಾಸ್ತ್ರದ ಪ್ರಕಾರ ತಿನ್ನಲು ಯೋಗ್ಯ ಎಂದು ಅದರ ಅರ್ಥ.

ನಮ್ಮ ಕರಾವಳಿಗೆ ಯಹೂದಿಯ ಅಡುಗೆಮನೆ ಹೊಸದಲ್ಲ. ಟುನೀಷಿಯಾದ ಮಹ್ದಿಯಾದಲ್ಲಿ ಹುಟ್ಟಿದ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವರ್ತಕ 1132ರ ಹೊತ್ತಿಗೆ ಏಡನ್ ಮಾರ್ಗವಾಗಿ ಮಂಗಳೂರಿಗೆ ಬಂದ. ಹದಿನೇಳು ವರ್ಷಗಳ ಕಾಲ ಈ ಕರಾವಳಿಯಲ್ಲೇ ಬದುಕಿದ. ಇಲ್ಲಿ ಆಶು ಎಂಬ ಹೆಣ್ಣನ್ನು ದಾಸ್ಯದಿಂದ ಬಿಡಿಸಿ ಸಂಸಾರ ಹೂಡಿದ, ಕಂಚಿನ ಪಾತ್ರೆಗಳ ಕಾರ್ಖಾನೆ ನಡೆಸಿದ, 1149ರಲ್ಲಿ ಏಡನ್‌ಗೆ ಮರಳಿದ. ಅವನ ಪತ್ರಗಳು ಹಳೆ ಕೈರೋದ ಯಹೂದಿ ಮಂದಿರವೊಂದರ ಕಾಗದದ ರಾಶಿಯಲ್ಲಿ ಉಳಿದುಕೊಂಡವು. ಅಮಿತಾವ್ ಘೋಷ್ 1992ರಲ್ಲಿ ಪ್ರಕಟಿಸಿದ ‘ಇನ್ ಆ್ಯನ್ ಆಂಟಿಕ್ ಲ್ಯಾಂಡ್’ ಪುಸ್ತಕದಲ್ಲಿ ಈ ಕಥೆಯನ್ನು ಬಿಡಿಸಿದರು. ಬೆನ್ ಯಿಜುವಿನ ಸೇವಕನ ಹೆಸರು ‘ಬೊಮ್ಮ’ ಎಂದು ಗುರುತಿಸಲು ಅವರಿಗೆ ನಮ್ಮ ಪ್ರೊ. ಬಿ.ಎ. ವಿವೇಕ ರೈ ನೆರವಾಗಿದ್ದರು.

ಆ ಪತ್ರಗಳಲ್ಲಿ ವ್ಯಾಪಾರದ ಲೆಕ್ಕದ ಪಕ್ಕದಲ್ಲೇ ತಿನಿಸಿನ ಲೆಕ್ಕವೂ ಇದೆ. ಏಡನ್ನಿನ ಗೆಳೆಯರು ಮೆಣಸು, ಅಡಕೆಯ ಹಡಗುಗಳು ಮರಳಿ ಬರುವಾಗ ಅವನಿಗೆ ಸಕ್ಕರೆ, ಒಣದ್ರಾಕ್ಷಿ, ಬಾದಾಮಿಗಳನ್ನು ಉಡುಗೊರೆಯಾಗಿ ಕಳಿಸುತ್ತಿದ್ದರು. ಮುದ್ರೆಯಿಲ್ಲದ ಕಾಲ ಅದು. ಕಳಿಸಿದವನು ಯಾರು ಎಂಬುದೇ ಮುದ್ರೆ. ಏಡನ್ನಿನ ಯಹೂದಿ ವರ್ತಕ, ಮುಸ್ಲಿಂ ನಾಖುದಾ, ತುಳುನಾಡಿನ ಸೇವಕ, ಈ ಮೂವರ ಕೈ ದಾಟಿ ಬಂದ ಸಿಹಿಯನ್ನು ಬೆನ್ ಯಿಜು ಮಂಗಳೂರಿನಲ್ಲಿ ಕುಳಿತು ತಿಂದ.

ಅದೇ ಕರಾವಳಿಯಲ್ಲಿ ದಕ್ಷಿಣಕ್ಕೆ ಹೋದರೆ ಕೊಚ್ಚಿ. ಅಲ್ಲಿನ ಯಹೂದಿಗಳು ಮಾಂಸ ಮತ್ತು ಹಾಲನ್ನು ಒಟ್ಟಿಗೆ ತಿನ್ನಬಾರದೆಂಬ ತಮ್ಮ ನಿಯಮಕ್ಕೆ ತೆಂಗಿನ ಹಾಲಿನಲ್ಲಿ ಪರಿಹಾರ ಕಂಡರು. ಕೊಂಕಣದ ಬೆನೆ ಇಸ್ರೇಲಿಗಳೂ ಹಾಗೆಯೇ ಮಾಡಿದರು, ಚೈನಾ ಗ್ರಾಸಿನ ಸಿಹಿಯನ್ನೂ ರೂಢಿಸಿಕೊಂಡರು. ರಂಜಾನಿನ ಸಂಜೆ ಬ್ಯಾರಿ ಮನೆಗಳಲ್ಲಿ ಅಲ್ಲಾಡುವ ಬಿಳಿ ಪುಡ್ಡಿಂಗ್ ತಿಂದವರಿಗೆ ಚೈನಾ ಗ್ರಾಸ್ ಎಂದರೇನೆಂದು ಹೇಳಬೇಕಾಗಿಲ್ಲ. ಅದು ಹುಲ್ಲಲ್ಲ, ಕಡಲ ಪಾಚಿಯ ಸಾರ. ಕುದಿಸಿದರೆ ಕರಗುತ್ತದೆ, ಆರಿದರೆ ಗಟ್ಟಿಯಾಗುತ್ತದೆ. ಜೈನರು, ಮುಸ್ಲಿಮರು, ಯಹೂದಿಗಳು ಮೂವರೂ ಒಂದೇ ತಟ್ಟೆಯಿಂದ ತಿನ್ನಬಹುದಾದ ಜೆಲ್ಲಿ ಅದು.

ತಂಪು ಸಿಹಿಯ ಕಥೆಯೂ ಹೀಗೆಯೇ ಹಲವು ಕೈಗಳದ್ದು. ಶರಬತ್ ಅರಬಿಯಿಂದ ಬಂದ ಮಾತು, ಫಾಲೂದ ಪರ್ಶಿಯನ್ನಿನದು. ಕುಲ್ಫಿಯ ಮೂಲ ‘ಕುಫ್ಲಿ’, ಅಂದರೆ ಬೀಗ ಹಾಕಿದಂತೆ ಮುಚ್ಚಳ ಬಿಗಿದ ಅಚ್ಚು. ಅಕ್ಬರನ ಆಸ್ಥಾನದಲ್ಲಿ ನೀರನ್ನು ಪೆಟ್ಲುಪ್ಪಿನಿಂದ ತಣಿಸುತ್ತಿದ್ದರೆಂದೂ, ಪಂಜಾಬಿಗೆ ಬಿಡಾರ ಹೋದ ಮೇಲೆ 1586ರಿಂದ ಉತ್ತರದ ಬೆಟ್ಟಗಳ ಮಂಜುಗಡ್ಡೆ ಲಾಹೋರಿಗೆ ಬರತೊಡಗಿತೆಂದೂ ಅಬುಲ್ ಫಜಲ್ ಐನ್-ಎ-ಅಕ್ಬರಿಯಲ್ಲಿ ಬರೆದಿದ್ದಾನೆ. 1833ರ ಮೇ ತಿಂಗಳಲ್ಲಿ ಫ್ರೆಡರಿಕ್ ಟ್ಯೂಡರ್ ಎಂಬ ವ್ಯಾಪಾರಿ 180 ಟನ್ ಮಂಜುಗಡ್ಡೆಯನ್ನು ಅಮೆರಿಕದ ಬಾಸ್ಟನ್ನಿನಿಂದ ಹಡಗಿಗೆ ಏರಿಸಿದ. ಸೆಪ್ಟೆಂಬರಿನಲ್ಲಿ ಕಲ್ಕತ್ತ ತಲುಪಿದಾಗ ಸುಮಾರು 100 ಟನ್ ಉಳಿದಿತ್ತು. ಹಾಲು, ಸಕ್ಕರೆ, ಮಂಜು, ಉಪ್ಪು ಇಷ್ಟೇ ಇದ್ದ ಆ ದಿನಗಳಲ್ಲಿ ‘ಒಳಗೇನಿದೆ’ ಎಂದು ಕೇಳುವ ಅಗತ್ಯ ಹೆಚ್ಚಾಗಿ ಇರಲಿಲ್ಲ. ಅಚ್ಚು ತಿರುಗಿಸುವವನು ಕಣ್ಣೆದುರೇ ಇದ್ದ.

ಕಾರ್ಖಾನೆ ಬಂದ ಮೇಲೆ ಪ್ರಶ್ನೆ ಬಂತು. ಐಸ್‌ಕ್ರೀಂ ಬೇಗ ಕರಗದಿರಲು, ಮೊಸರಿನ ಸಿಹಿ ನುಣುಪಾಗಿರಲು, ಜೆಲ್ಲಿ ನಿಲ್ಲಲು ಜೆಲಟಿನ್ ಬೇಕಾಯಿತು. ಹಂದಿ, ದನಗಳ ಚರ್ಮ ಮತ್ತು ಮೂಳೆಗಳಿಂದ ತೆಗೆಯುವ ಈ ಪುಡಿಗೆ ಬಣ್ಣವಿಲ್ಲ, ರುಚಿಯಿಲ್ಲ. ನೋಡಿದರೆ ಗೊತ್ತಾಗುವುದಿಲ್ಲ, ತಿಂದರೂ ಗೊತ್ತಾಗುವುದಿಲ್ಲ. ಹಾಗಾಗಿಯೇ ಅದು ಪಂಡಿತರ ತಲೆ ತಿಂದಿತು. ವಿಲ್ನಾದ ರಬ್ಬಿ ಹೈಮ್ ಓಜರ್ ಗ್ರೋಜೆನ್‌ಸ್ಕಿಯವರು ಒಣಗಿದ ಮೂಳೆಯಿಂದ ಬಂದದ್ದು ಆಹಾರವೇ ಅಲ್ಲ, ಪೂರ್ಣ ಮಾರ್ಪಟ್ಟ ವಸ್ತು ಎಂದು ಅನುಮತಿಯತ್ತ ವಾಲಿದರು. ಅಮೆರಿಕದ ರಬ್ಬಿ ಮೋಶೆ ಫೈನ್‌ಸ್ಟೈನ್ ಮೊದಲಾದವರು ಒಪ್ಪಲಿಲ್ಲ. ನಮ್ಮಲ್ಲಿಯೂ ಅದೇ ಚರ್ಚೆ, ಹೆಸರು ಮಾತ್ರ ‘ಇಸ್ತಿಹಾಲ’. ಮದ್ಯ ತಾನಾಗಿ ವಿನೆಗರ್ ಆದರೆ ಅದು ಶುದ್ಧ ಎನ್ನುವಲ್ಲಿ ಉಲೇಮಾಗಳಿಗೆ ಭೇದವಿಲ್ಲ. ಹಾಗಾದರೆ ಹಂದಿಯ ಚರ್ಮ ಜೆಲಟಿನ್ ಆದಾಗ? 1995ರಲ್ಲಿ ಕುವೈತಿನಲ್ಲಿ ಸೇರಿದ ಧರ್ಮಶಾಸ್ತ್ರ ಮತ್ತು ವೈದ್ಯಕೀಯ ಪಂಡಿತರ ಸಭೆ ಅದು ಮಾರ್ಪಟ್ಟ ವಸ್ತು, ಶುದ್ಧ ಎಂದಿತು. ಶಾಫಿ ಪಂಥದವರೂ ಸೇರಿ ಬಹಳಷ್ಟು ಉಲೇಮಾಗಳು ಒಪ್ಪಲಿಲ್ಲ. ಪರಸ್ಪರ ಗ್ರಂಥ ನೋಡದೆಯೇ ಇಬ್ಬರೂ ಒಂದೇ ತರ್ಕದ ಎರಡು ಬದಿಯಲ್ಲಿ ನಿಂತದ್ದು ಸೋಜಿಗ.

ಐಸ್‌ಕ್ರೀಂ ಲೋಕದ ದೊಡ್ಡ ಹೆಸರುಗಳ ಹಿಂದೆ ಇದೇ ಪ್ರಶ್ನೆಯೊಂದಿಗೆ ಬೆಳೆದ ಸಮುದಾಯದವರಿದ್ದರು. ಬಾಸ್ಕಿನ್ ಮತ್ತು ರಾಬಿನ್ಸ್ ಎಂಬ ಯಹೂದಿ ಭಾವ-ಮೈದುನರ ಸರಣಿ ಅಂಗಡಿ 1993ರಲ್ಲಿ ಭಾರತಕ್ಕೂ ಬಂತು. ಪೋಲೆಂಡಿನಿಂದ ವಲಸೆ ಬಂದ ರೂಬನ್ ಮಾಟಸ್ ನ್ಯೂಯಾರ್ಕಿನಲ್ಲಿ ಹಾಗೆನ್-ಡಾಜ್ ಶುರುಮಾಡಿದರು. ಅರ್ಥವಿಲ್ಲದ ಆ ಡೇನಿಶ್ ಧಾಟಿಯ ಹೆಸರು ಎರಡನೆಯ ಮಹಾಯುದ್ಧದಲ್ಲಿ ಯಹೂದಿಗಳನ್ನು ಕಾಪಾಡಿದ ಡೆನ್ಮಾರ್ಕಿಗೆ ಸಲ್ಲಿಸಿದ ಕೃತಜ್ಞತೆಯಂತೆ. ಮಾಂಸದೂಟದ ಬಳಿಕ ಹಾಲಿನ ಐಸ್‌ಕ್ರೀಂ ಕೊಡಲಾಗದೆ ಪೇಚಾಡಿದ ಹೋಟೆಲಿಗ ಡೇವಿಡ್ ಮಿಂಟ್ಜ್ ಸೋಯಾದಿಂದ ‘ತೊಫುಟ್ಟಿ’ ಮಾಡಿದರು. 1980ರ ದಶಕದಲ್ಲಿ ಅದನ್ನು ಹಾಲು ಒಗ್ಗದವರೆಲ್ಲ ಕೊಂಡರು. ಒಬ್ಬರ ಧರ್ಮದ ಕಟ್ಟುಪಾಡು ಇನ್ನೊಬ್ಬರ ಹೊಟ್ಟೆಗೆ ಉಪಕಾರವಾದ ಉದಾಹರಣೆ ಇದು.

ಆದರೂ ಸರಣಿ ಅಂಗಡಿಯಲ್ಲಿ ನಿಷ್ಠಾವಂತ ಯಹೂದಿಯ ಚಿಂತೆ ಮುಗಿಯುವುದಿಲ್ಲ. ಕಾರ್ಖಾನೆಯಿಂದ ಬಂದ ಡಬ್ಬಕ್ಕೆ ಮುದ್ರೆ ಇರಬಹುದು. ಅಂಗಡಿಯಲ್ಲಿ ಡಬ್ಬ ತೆರೆದ ಮೇಲೆ? ಮಾರ್ಷ್‌ಮ್ಯಾಲೋ ಇದ್ದ ರುಚಿಗೆ ಅದ್ದಿದ ಸೌಟನ್ನೇ ವೆನಿಲಾಕ್ಕೂ ಅದ್ದುತ್ತಾರೆ. ಮೇಲೆ ಉದುರಿಸುವ ಬಣ್ಣದ ಮಿಠಾಯಿ ಎಲ್ಲಿಯದೋ. ಹಾಗಾಗಿ ಕೆಲವರು ಮುಚ್ಚಿದ ಡಬ್ಬವನ್ನೇ ಕೊಳ್ಳುತ್ತಾರೆ, ಕೆಲವರು ಅಂಗಡಿಗೇ ಪ್ರಮಾಣಪತ್ರ ಕೇಳುತ್ತಾರೆ.

ನಮ್ಮಲ್ಲಿ ಕೋಷರ್ ಮುದ್ರೆಯ ಕೆಲಸವನ್ನು ಅರ್ಧಮರ್ಧ ಮಾಡುತ್ತಿರುವುದು ಹಸಿರು ಚುಕ್ಕೆ. 2001ರಲ್ಲಿ ಕಾನೂನಾಗಿ ಬಂದ ಈ ಗುರುತಿನಿಂದ ಮುಸ್ಲಿಮರಿಗೂ ಉಪಕಾರವಾಗಿದೆ. ಜೆಲಟಿನ್ ಇದ್ದರೆ ಹಸಿರು ಚುಕ್ಕೆ ಹಾಕುವಂತಿಲ್ಲ. ಆದರೆ ಚುಕ್ಕೆ ಎಲ್ಲವನ್ನೂ ಹೇಳುವುದಿಲ್ಲ. ಮೊಟ್ಟೆ ಹಾಕಿದ ಐಸ್‌ಕ್ರೀಂ ನಮಗೆ ಹಲಾಲ್, ಅದಕ್ಕೆ ಮಾಂಸಾಹಾರದ ಕಂದು ಗುರುತು. ರಮ್ ಬೆರೆತ ಸಿಹಿ ನಮಗೆ ಹರಾಮ್, ಅದಕ್ಕೆ ಹಸಿರು ಗುರುತು ಇರಬಹುದು. ಅಮೆರಿಕದ ಬಂಧುವಿಗೂ ನಾವು ಇದನ್ನೇ ಹೇಳಿದೆವು: ಕೋಷರ್ ಮುದ್ರೆ ಹಂದಿಯಿಲ್ಲ ಎನ್ನುತ್ತದೆ, ಮದ್ಯವಿಲ್ಲ ಎನ್ನುವುದಿಲ್ಲ. ಗ್ರಂಥದವರ ಆಹಾರ ನಿಮಗೆ ಸಮ್ಮತ ಎಂದು ಕುರಾನಿನ ಅಲ್ ಮಾಇದ ಅಧ್ಯಾಯದಲ್ಲಿ ಬಂದಿದೆಯಾದರೂ ಪಟ್ಟಿ ಓದುವ ಕೆಲಸ ನಮಗೆ ತಪ್ಪಿದ್ದಲ್ಲ.

ಗಡ್‌ಬಡ್‌ನ ಜನ್ಮಸ್ಥಳ ಉಡುಪಿಯ ಡಯಾನಾ ಎಂದು ಹೇಳುತ್ತಾರೆ. ಮಂಗಳೂರಿನಲ್ಲಿ ಪ್ರಭಾಕರ ಕಾಮತರು 1975ರಲ್ಲಿ ಐಡಿಯಲ್ ಐಸ್‌ಕ್ರೀಂ ಆರಂಭಿಸಿದರು. ಮೂಲ್ಕಿ ಕಡೆಯ ಹಣ್ಣಿನ ವ್ಯಾಪಾರಿಯ ಮಗ ರಘುನಂದನ ಕಾಮತರು 1984ರಲ್ಲಿ ಮುಂಬೈಯ ಜುಹುವಿನಲ್ಲಿ ನ್ಯಾಚುರಲ್ಸ್ ತೆರೆದು ಹಾಲು, ಸಕ್ಕರೆ, ಹಣ್ಣುಗಳಿಂದಲೇ ದೇಶದ ದೊಡ್ಡ ಸರಣಿಯೊಂದನ್ನು ಕಟ್ಟಿದರು. 2024ರಲ್ಲಿ ಅವರು ತೀರಿಕೊಂಡಾಗ ಕರಾವಳಿಯ ಎಲ್ಲ ಜಾತಿ, ಮತದವರೂ ಎಳನೀರಿನ ಐಸ್‌ಕ್ರೀಂ ನೆನೆದರು. ಅದೇ ಮೂಲ್ಕಿಯ ಬಪ್ಪನಾಡು ದುರ್ಗಾಪರಮೇಶ್ವರಿ ದೇವಸ್ಥಾನಕ್ಕೆ ಬಪ್ಪ ಬ್ಯಾರಿಯ ಹೆಸರು ಅಂಟಿದೆ. ನಮ್ಮ ಜಾತ್ರೆಗಳಲ್ಲಿ ಐಸ್‌ಕ್ಯಾಂಡಿ ಡಬ್ಬದ ಗಂಟೆ ಬಾರಿಸುತ್ತಿದ್ದವರಲ್ಲಿ ಬ್ಯಾರಿಗಳೂ ಅನೇಕರಿದ್ದರು.

ಇದನ್ನೆಲ್ಲ ಈಗ ಬರೆಯಲು ಕಾರಣವಿದೆ. 2022ರ ಮಾರ್ಚ್‌ನಲ್ಲಿ ಕಾಪುವಿನ ಮಾರಿಪೂಜೆಯಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಅಂಗಡಿ ಸಿಗಲಿಲ್ಲ. ಕರಾವಳಿಯ ಇತರ ಜಾತ್ರೆಗಳಿಗೂ ಅದು ಹಬ್ಬಿತು. ಅದೇ ಯುಗಾದಿಯ ಹೊತ್ತಿಗೆ ಹಲಾಲ್ ಮಾಂಸ ಬಹಿಷ್ಕರಿಸಿ ಎಂಬ ಕೂಗೆದ್ದಿತು. 2023ರ ನವೆಂಬರಿನಲ್ಲಿ ಉತ್ತರ ಪ್ರದೇಶ ಸರ್ಕಾರ ಹಲಾಲ್ ಪ್ರಮಾಣಪತ್ರ ಹೊತ್ತ ಉತ್ಪನ್ನಗಳ ತಯಾರಿಕೆ, ದಾಸ್ತಾನು, ಮಾರಾಟಗಳನ್ನು ನಿಷೇಧಿಸಿತು, ರಫ್ತಿಗೆ ಮಾತ್ರ ವಿನಾಯಿತಿ ಕೊಟ್ಟಿತು. ಹೊರಗಿನವನಿಗೆ ಕೊಡಬಹುದಾದ ಭರವಸೆಯನ್ನು ಮನೆಯವನಿಗೆ ಕೊಡಬಾರದೇಕೆ ಎಂದು ನಾವು ಕೇಳಬೇಕಾಗಿದೆ.

ನಮ್ಮವರಿಗೂ ಒಂದು ಮಾತು ಹೇಳಬೇಕು. ಮುದ್ರೆಯೂ ವ್ಯಾಪಾರವಾಗಬಲ್ಲದು. ನೀರಿಗೂ ಉಪ್ಪಿಗೂ ಹಲಾಲ್ ಮುದ್ರೆ ಹುಡುಕುವ ಭಯ ಧರ್ಮವಲ್ಲ. ಪಕ್ಕದ ಅಂಗಡಿಯವನನ್ನು ಬಾಯ್ತುಂಬ ಕೇಳಿ ತಿಳಿಯಬಹುದಾದುದನ್ನು ಕೇಳದೆ ಅನುಮಾನಿಸುವುದೂ ಸರಿಯಲ್ಲ.

‘ಇದರೊಳಗೇನಿದೆ’ ಎನ್ನುವುದು ತಿನ್ನುವವನ ಹಕ್ಕಿನ ಪ್ರಶ್ನೆ. ಜೈನನೂ ಕೇಳಬಹುದು, ಮುಸ್ಲಿಮನೂ, ಯಹೂದಿಯೂ, ಸಕ್ಕರೆ ಕಾಯಿಲೆಯವನೂ ಕೇಳಬಹುದು. ಅದಕ್ಕೆ ಉತ್ತರವಿದೆ, ಉತ್ತರ ಸಿಕ್ಕರೆ ಒಟ್ಟಿಗೆ ಕುಳಿತು ತಿನ್ನಬಹುದು. ‘ಇದು ಯಾರ ಕೈಯದು’ ಎಂಬುದು ಬೇರೆಯೇ ಪ್ರಶ್ನೆ. ಅದಕ್ಕೆ ಯಾವ ಪೊಟ್ಟಣ ತೋರಿಸಿದರೂ ಸಮಾಧಾನವಿಲ್ಲ. ಮೊದಲನೆಯದರ ಸೋಗಿನಲ್ಲಿ ಎರಡನೆಯದು ಊರೊಳಗೆ ಬರುತ್ತಿದೆ. ಇವೆರಡನ್ನು ಬೇರ್ಪಡಿಸಿ ನೋಡುವ ವಿವೇಕ ನಮಗೆಲ್ಲ ಬೇಕು.

2024ರಲ್ಲಿ ವೇಣೂರಿನಲ್ಲಿ ಮತ್ತೆ ಅಭಿಷೇಕ ನಡೆಯಿತು. ನಾವು ಮತ್ತೆ ಹೋದೆವು, ಅದೇ ಗೆಳೆಯರೊಂದಿಗೆ. ಮರಳುವಾಗ ಅದೇ ಅಂಗಡಿಯಲ್ಲಿ ಅದೇ ಪ್ರಶ್ನೆ ಕೇಳಿದೆವು. ಹುಡುಗ ಬೇರೆಯವನಾಗಿದ್ದ. ಅವನೂ ಒಳಗೆ ಹೋಗಿ ಪೊಟ್ಟಣ ತಂದ. ಸೂರ್ಯ ಮುಳುಗಲು ಇನ್ನೂ ಹೊತ್ತಿತ್ತು.