ಟಿಜೋರಿಯೊಳಗಿನ ಹೊಸ ಸಾಮಾನು

2024ರ ಸಂಕ್ರಮಣ ಮುಗಿದ ಮ್ಯಾಲ ನಮ್ಮ ಮನಿಗೆ ಒಂದು ಪಿಸ್ತೂಲು ಬಂತು. ಫ್ರಿಜ್ ಬಂದಾಗ ಓಣಿ ಮಂದಿ ಎಲ್ಲಾ ನೋಡಾಕ ಬಂದಿದ್ರು. ಇದು ಬಂದದ್ದು ಯಾರಿಗೂ ಹೇಳಬಾರದು ಅಂತ ಇವರು ಮೊದಲೇ ತಾಕೀತು ಮಾಡಿದ್ರು. ಈಗ ಊರಿಗೆಲ್ಲಾ ಗೊತ್ತಾಗೇತಿ, ಅದಕ್ಕ ನಾನೂ ಬರ್ಯಾಕ ಕುಂತೀನಿ.

ಇವರದು ಅಡತಿ ಅಂಗಡಿ. ಸುಗ್ಗಿ ಕಾಲಕ್ಕ ರೊಕ್ಕ ಹಿಡಕೊಂಡು ರಾತ್ರಿ ಬರೂದು ತಪ್ಪಂಗಿಲ್ಲ. ಗುರ್ತಿನವರೊಬ್ಬರನ್ನ ದಾರ್ಯಾಗ ತಡದು ಚೀಲ ಕಸಗೊಂಡ ಮ್ಯಾಲ ಇವರಿಗೆ ನಿದ್ದಿ ಹಾರಿತು. ಅರ್ಜಿ ಹಾಕಿದ್ರು. ಪೊಲೀಸರ ವಿಚಾರಣಿ, ಡಾಕ್ಟರ ಸರ್ಟಿಫಿಕೇಟು, ಗುಂಡು ಹಾರಸೂದರ ತರಬೇತಿ, ಡಿ.ಸಿ. ಆಫೀಸಿಗೆ ಎಡತಾಕೂದು, ಇಷ್ಟರಾಗ ವರ್ಷ ಕಳೀತು. ಮಗಳ ಮದವಿಗೆ ವರ ಹುಡುಕಾಕ ಇಷ್ಟು ತಿರುಗ್ಯಾಡಿರಲಿಲ್ಲ ಬಿಡ್ರಿ.

ಸರಕಾರಿ ಫ್ಯಾಕ್ಟರ್‍ಯಾಗ ಮಾಡಿದ .32 ಪಿಸ್ತೂಲು. ಪೊಲೀಸರು, ಮಿಲಿಟರಿಯವರು ಇಟ್ಕೊಳ್ಳೂ 9 ಎಂ.ಎಂ. ಸಾದಾ ಮಂದಿಗೆ ಕೊಡಂಗಿಲ್ಲಂತ. ಇವರು ಅದನ್ನ ಒರಸೂದು ನೋಡಬೇಕಿತ್ತು! ಮದವ್ಯಾಗ ಕೊಟ್ಟ ವಾಚನ್ನ ಸುದ್ದಾ ಹಂಗ ಒರಸಿರಲಿಲ್ಲ. "ಹಿಡಿ ನೋಡು" ಅಂತ ನನ್ನ ಕೈಯಾಗ ಕೊಟ್ರು. ಗುಂಡು ಇರಲಿಲ್ಲ, ಆದ್ರೂ ಕೈ ನಡುಗಿತು. ಸಣ್ಣದು, ಕರ್‍ರಗ, ತಣ್ಣಗ. ನೋಡಾಕ ಆಟಗಿ ಸಾಮಾನಿನಂಗ ಇದ್ರೂ ಕೈಯಾಗ ಹಿಡದ್ರ ಒಳಕಲ್ಲಿನ ಗುಂಡಿನಂಗ ಭಾರ. "ಇದನ್ನ ಇಟ್ಕೊಂಡು ನೀವು ಧೈರ್ಯಾಗಿ ಬರ್ತೀರಿ, ಖರೆ. ಮನ್ಯಾಗ ನಾ ಹೆಂಗ ಮಕ್ಕೊಳ್ಳಿ?" ಅಂತ ಕೇಳಿದೆ. ನಕ್ಕು ಸುಮ್ಮನಾದ್ರು.

ಫೆಬ್ರವರ್‍ಯಾಗ ಒಂದಿನ ಮಧ್ಯಾಹ್ನ ರೊಟ್ಟಿ ಬಡದು ಎದ್ದು ಬಂದೆ. ಟಿಜೋರಿಗೆ ಕೀಲಿಕೈ ಜೋತಾಡಾಕ ಹತ್ತಿತ್ತು. ನಾಕು ವರ್ಷದ ಮೊಮ್ಮಗ ಅದರ ಮುಂದ ಕುಂತು ಡಬ್ಬಿ ತೆರಿಯಾಕ ನೋಡ್ತಿದ್ದ. "ಅಮ್ಮಾ, ದೀಪಾವಳಿ ಪಿಸ್ತೂಲು!" ಅಂದ. ಗುಂಡು ಬ್ಯಾರೆ ಕಡೆ ಇದ್ದೂ, ಏನೂ ಆಗಲಿಲ್ಲ. ಅವನ್ನ ಎತ್ತಿಕೊಂಡು ಹೊರಗ ಓಡಿದೆ. ಆವತ್ತು ರಾತ್ರಿ ಇವರ ಕೂಡ ನಾ ಆಡಿದ ಮಾತು ಇಲ್ಲಿ ಬರಿಯಂಗಿಲ್ಲ.

ಮಾರ್ಚ್ 16ಕ್ಕ ಲೋಕಸಭಾ ಎಲೆಕ್ಷನ್ ಡಿಕ್ಲೇರ್ ಆತು. ಲೈಸೆನ್ಸ್ ಇದ್ದವರು ತಮ್ಮ ತಮ್ಮ ಆಯುಧ ಠಾಣೆಕ್ಕ ತಂದು ಇಡ್ರಿ ಅಂತ ಹುಕುಂ ಬಂತು. ನನಗ ಒಳಗೊಳಗ ಖುಷಿ. ಜೋಡಿ ನಾನೂ ಹೋದೆ. ಇವರು ಡಬ್ಬಿ ಟೇಬಲ್ ಮ್ಯಾಲ ಇಟ್ರು. ಅವರು ನಂಬರ್ ನೋಡಿ, ಪುಸ್ತಕದಾಗ ಬರ್ಕೊಂಡು ಚೀಟಿ ಕೊಟ್ರು. ಬಿರುಸು ಮಾತು ಯಾರೂ ಆಡಲಿಲ್ಲ. ಆದ್ರ ಹೊರಗ ಬಂದಾಗ ಇವರ ಮುಖ ಸಣ್ಣದಾಗಿತ್ತು. ಮನಿ ಮುಟ್ಟೂ ತನಕ ಮಾತಾಡಲಿಲ್ಲ.

ಆ ಮುಖ ನೋಡಿ ನನಗ ಹಲಗಲಿ ನೆನಪಾತು. ನನ್ನ ತವರುಮನಿ ಮುಧೋಳ ಕಡೆ. ಹಲಗಲಿ ಬೇಡರ ಕಥಿ ನಮ್ಮ ಆಯಿ ಬೀಸುಕಲ್ಲಿನ ಮುಂದ ಕುಂತು ಹೇಳ್ತಿದ್ಲು. ಮುಂದ ನನ್ನ ಮಗಳಿಗೂ ಹತ್ತನೇತ್ತೆ ಕನ್ನಡ ಪುಸ್ತಕದಾಗ ಆ ಲಾವಣಿ ಬಂತು. 1857ರಾಗ ಉತ್ತರದ ಕಡೆ ಸಿಪಾಯಿಗಳು ತಿರುಗಿ ಬಿದ್ದಾಗ ಕಂಪನಿ ಸರಕಾರ ಹೆದರಿ ಒಂದು ಕಾಯ್ದೆ ಮಾಡಿತು. ಪರವಾನಗಿ ಇಲ್ಲದ ಯಾರೂ ಹತಾರ ಇಟ್ಕೋಬಾರದು. ಮುಧೋಳ ಸಂಸ್ಥಾನದಾಗಿದ್ದ ಹಲಗಲಿಗೂ ಆ ಹುಕುಂ ಮುಟ್ಟಿತು. ಬೇಡರಿಗೆ ಹತಾರ ಅಂದ್ರ ಬ್ಯಾಟಿ, ಕಾವಲು, ಹೊಟ್ಟಿ, ಮಾನ. ಕೊಡಂಗಿಲ್ಲ ಅಂದ್ರು. ಹನುಮ, ಬಾಲ, ಜಡಗ, ರಾಮ ಮುಂದ ನಿಂತ್ರು.

ನವೆಂಬರ್ ಕಡೀಕ ದಂಡು ಬಂತು. ಊರಿಗೆ ಬೆಂಕಿ ಹಚ್ಚಿದ್ರು. ನೂರರ ಹತ್ರ ಮಂದಿ ಸತ್ರು, 290 ಮಂದಿನ್ನ ಹಿಡದ್ರು. ಡಿಸೆಂಬರ್ 11ಕ್ಕ ಮುಧೋಳದಾಗ 13 ಮಂದಿ, 14ಕ್ಕ ಹಲಗಲ್ಯಾಗ 6 ಮಂದಿ, ಎಲ್ಲಾರ ಕಣ್ಣ ಮುಂದ ಗಲ್ಲಿಗೆ ಹ್ವಾದ್ರು.

ನಮ್ಮ ಹೆಣ್ಮಕ್ಕಳು ನೋಡಬೇಕಾದ ಒಂದು ಮಾತು ಆ ಲಾವಣ್ಯಾಗ ಐತಿ. ಲೂಟಿಯಾದದ್ದು ಏನೇನು ಅಂತ ಕಟ್ಟಿದಾಂವ ಎಣಿಸ್ಯಾನ. ಬಂಗಾರ ಬೆಳ್ಳಿ ಅಲ್ಲ, ಅರಿಷಿಣ, ಬೆಲ್ಲ, ಚರಗಿ, ಬೀಸುಕಲ್ಲು! ಹತಾರ ಹುಡುಕಾಕ ಬಂದಾವ್ರು ಅಡಿಗಿಮನಿ ಬಳಕೊಂಡು ಹ್ವಾದ್ರು. ತಾಳಿಯನ್ನೂ ಬಿಡಲಿಲ್ಲ. ಆಯಿ ಇಲ್ಲಿಗೆ ಬಂದಾಗ ಬೀಸೂದು ನಿಂದರಸ್ತಿದ್ಲು. ಸಣ್ಣಾಕಿದ್ದಾಗ ನನಗ ಸಿಟ್ಟು ಬರ್ತಿತ್ತು. ನಾಕು ಕತ್ತಿ ಬಂದೂಕು ಕೊಟ್ಟು ಮಕ್ಕಳು ಮರಿ ಉಳಿಸ್ಕೋಬೇಕಿಲ್ಲ? ಅಂತಿದ್ದೆ. "ಕೊಟ್ಟಾವ್ರ ಮುಖ ನೀ ನೋಡಿಲ್ಲ" ಅಂತಿದ್ಲು ಆಯಿ. ಆಕೀನೂ ನೋಡಿರಲಿಲ್ಲ ಖರೆ.

ಠಾಣೇದಾಗಿನ ಆ ಮುಖ ನೋಡಿದ ಮ್ಯಾಲೂ ನಾ ಪೂರಾ ಆಯಿ ಕಡೆ ಆಗಿಲ್ಲ. ಇವರಿಗೆ ಚೀಟಿ ಸಿಕ್ಕಿತು, ಅವರಿಗೆ ಹಗ್ಗ. ಎರಡನ್ನೂ ಒಂದ ತಕ್ಕಡ್ಯಾಗ ಇಡಾಕ ಬರಂಗಿಲ್ಲ. ಮುಂದ 1878ರಾಗ ಲಿಟ್ಟನ್ ಸಾಹೇಬ ಮಾಡಿದ ಕಾಯ್ದೆದಾಗ ಬಿಳಿ ಮಂದಿಗೆ ಲೈಸೆನ್ಸೇ ಬೇಕಿರಲಿಲ್ಲ, ನಮಗ ಮಾತ್ರ ಬೇಕು. 1959ರಾಗ ನಮ್ಮ ಕಾಯ್ದೆ ಬಂತು. 2019ರಾಗ ಮತ್ತ ತಿದ್ದಿ, ಒಬ್ಬರಿಗೆ ಮೂರು ಇದ್ದದ್ದು ಎರಡಕ್ಕ ಇಳಿಸ್ಯಾರ. ನನ್ನ ಕೇಳಿದ್ರ ಎರಡೂ ಜಾಸ್ತಿನ.

ಮೇ 7ಕ್ಕ ನಮ್ಮ ಕಡೆ ಓಟು, ಜೂನ್ 4ಕ್ಕ ರಿಸಲ್ಟ್. ಆಮ್ಯಾಲ ಚೀಟಿ ಹಿಡಕೊಂಡು ಹೋಗಿ ಪಿಸ್ತೂಲು ತಂದ್ರು. ಬಾಗಿಲದಾಗ ನಿಂತು ಹೇಳಿದೆ: "ಟಿಜೋರಿ ಕೀಲಿಕೈ ಇನ್ನ ನನ್ನ ಕಡೆ. ನೀವು ಕೇಳಬೇಕು, ನಾ ಕೊಡಬೇಕು." ಒಪ್ಪಿದ್ರು. ಗುಂಡಿನ ಡಬ್ಬಿ ಕೀಲಿ ಅವರ ಕಡೆ.

ಮಾನೌಮಿ ಖಂಡೇ ಪೂಜ್ಯಾಗ ಕುಡಗೋಲು, ಈಳಿಗಿ, ಅಂಗಡಿ ತಕ್ಕಡಿ ಜೋಡಿ ಅದನ್ನೂ ಇಟ್ರು. ಮೊಮ್ಮಗನ್ನ ನಾ ಗಟ್ಟ್ಯಾಗಿ ತೊಡಿ ಮ್ಯಾಲ ಕುಂದರಿಸ್ಕೊಂಡಿದ್ದೆ. ಕುಂಕುಮ ಹಚ್ಚಾಕ ಹ್ವಾದ್ರ ಇವರು ಒದರಿದ್ರು, "ಏ, ನಳಿಗ್ಯಾಗ ಪುಡಿ ಬೀಳತೈತಿ, ಹಿಡಿಕಿಗೆ ಹಚ್ಚು!"