ಮೂಲಪಾಠವೂ ವ್ಯಾಖ್ಯಾನವೂ: ಜಾನ್ ಲಯನ್ಸರ ಯುನಿಕ್ಸ್ ಗ್ರಂಥದ ಇತಿಹಾಸ

ತಂತ್ರಾಂಶ ಇಂಜಿನಿಯರುಗಳು ಅವಶ್ಯವಾಗಿ ಓದಬೇಕಾದ ಗ್ರಂಥಗಳು ಯಾವುವು ಎಂಬ ಪ್ರಶ್ನೆಗೆ ಆ ವೃತ್ತಿಯ ಹಿರಿಯರು ಕೊಡುವ ಉತ್ತರಗಳಲ್ಲಿ ಕೆಲವು ಹೆಸರುಗಳು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತವೆ. ಡೊನಾಲ್ಡ್ ನೂತ್ ಅವರು ೧೯೬೮ರಿಂದ ಸಂಪುಟಗಳಾಗಿ ಪ್ರಕಟಿಸುತ್ತ ಬಂದಿರುವ ಪ್ರೋಗ್ರಾಮ್ ರಚನೆಯ ಮಹಾಗ್ರಂಥ, ಐಬಿಎಂ ಸಂಸ್ಥೆಯ ದೊಡ್ಡದೊಂದು ಯೋಜನೆಯನ್ನು ನಡೆಸಿದ ಅನುಭವದಿಂದ ಫ್ರೆಡರಿಕ್ ಬ್ರೂಕ್ಸರು ೧೯೭೫ರಲ್ಲಿ ಹೊರತಂದ ಪುಸ್ತಕ, ಕರ್ನಿಘನ್ ಮತ್ತು ರಿಚಿ ಇವರು ೧೯೭೮ರಲ್ಲಿ ಬರೆದ ಸಿ ಭಾಷೆಯ ಕೈಪಿಡಿ ಇವು ಅಂಥವು. ಇವೆಲ್ಲವೂ ಪ್ರಕಾಶಕರ ಮೂಲಕ ಪ್ರಕಟವಾಗಿ ಅಂಗಡಿಗಳಲ್ಲಿ ಮಾರಾಟವಾದವು. ಇದೇ ಪಟ್ಟಿಯಲ್ಲಿ ಸೇರುವ ಇನ್ನೊಂದು ಗ್ರಂಥದ ಕಥೆ ಬೇರೆಯದು. ಆಸ್ಟ್ರೇಲಿಯದ ಜಾನ್ ಲಯನ್ಸ್ ಎಂಬ ಅಧ್ಯಾಪಕರು ೧೯೭೬-೭೭ರಲ್ಲಿ ತಮ್ಮ ವಿದ್ಯಾರ್ಥಿಗಳಿಗೆಂದು ರಚಿಸಿದ ಈ ವ್ಯಾಖ್ಯಾನವು ಸುಮಾರು ಇಪ್ಪತ್ತು ವರ್ಷಗಳ ಕಾಲ ಪುಸ್ತಕದಂಗಡಿಯಲ್ಲಿ ದೊರೆಯುತ್ತಿರಲಿಲ್ಲ. ಆದರೂ ಅದನ್ನು ಓದಿದವರ ಸಂಖ್ಯೆ ಬೆಳೆಯುತ್ತಲೇ ಹೋಯಿತು.

ಒಂದು ವಿದ್ಯೆಯ ಬೋಧನೆಯಲ್ಲಿ ಮೂಲಪಾಠಕ್ಕೆ ಇರುವ ಸ್ಥಾನವೇನು, ಅದನ್ನು ತರಗತಿಯಿಂದ ಹೊರಗಿಟ್ಟಾಗ ಸಂಭವಿಸುವ ನಷ್ಟವೇನು ಎಂಬುದನ್ನು ಈ ಗ್ರಂಥದ ಇತಿಹಾಸದಿಂದ ತಿಳಿಯಬಹುದಾಗಿದೆ. ಪ್ರಕೃತ ಲೇಖನದಲ್ಲಿ ನಾವು ಇದನ್ನೇ ವಿವೇಚಿಸಲು ಯತ್ನಿಸಿದ್ದೇವೆ.

೧. ಮೂಲಪಾಠವು ವಿಶ್ವವಿದ್ಯಾಲಯಗಳಿಗೆ ಬಂದ ಬಗೆ

ಗಣಕಯಂತ್ರದ ಸಮಯವನ್ನೂ ಸ್ಮರಣಾಂಗವನ್ನೂ ಕಡತಗಳನ್ನೂ ಅನೇಕ ಬಳಕೆದಾರರಿಗೆ ಹಂಚಿಕೊಟ್ಟು, ಒಬ್ಬರ ಕೆಲಸವು ಇನ್ನೊಬ್ಬರ ಕೆಲಸಕ್ಕೆ ಅಡ್ಡಬಾರದಂತೆ ನೋಡಿಕೊಳ್ಳುವ ಆಡಳಿತ ತಂತ್ರಾಂಶಕ್ಕೆ ಆಪರೇಟಿಂಗ್ ಸಿಸ್ಟಂ ಎಂದು ಹೆಸರು. ಯುನಿಕ್ಸ್ ಎಂಬುದು ಇಂಥ ಒಂದು ವ್ಯವಸ್ಥೆ. ಅಮೆರಿಕದ ಎಟಿ ಅಂಡ್ ಟಿ ದೂರವಾಣಿ ಕಂಪನಿಗೆ ಸೇರಿದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಮ್ಸನ್ ಮತ್ತು ಡೆನಿಸ್ ರಿಚಿ ಇವರು ೧೯೬೯ರಲ್ಲಿ ಇದರ ರಚನೆಯನ್ನು ಆರಂಭಿಸಿದರು. ೧೯೭೩ರಲ್ಲಿ ಅದರ ಬಹುಭಾಗವನ್ನು ಸಿ ಭಾಷೆಯಲ್ಲಿ ಹೊಸದಾಗಿ ಬರೆಯಲಾಯಿತು. ಯಂತ್ರಸಂಜ್ಞೆಗಳಿಗೆ ಸಮೀಪವಾದ ಹಳೆಯ ಬರೆವಣಿಗೆಗಿಂತ ಇದು ಓದಲು ಸುಲಭವಾಗಿದ್ದಿತು. ಮುಂದೆ ನಡೆದುದಕ್ಕೆಲ್ಲ ಈ ಸುಲಭತೆಯೇ ಆಧಾರವೆನ್ನಬಹುದು.

ಯುನಿಕ್ಸ್ ವಿಶ್ವವಿದ್ಯಾಲಯಗಳನ್ನು ತಲಪಿದುದಕ್ಕೆ ವಿಜ್ಞಾನದ ಕಾರಣಕ್ಕಿಂತ ಕಾನೂನಿನ ಕಾರಣವೇ ಮುಖ್ಯ. ಏಕಸ್ವಾಮ್ಯದ ಆರೋಪದ ಮೇಲೆ ಸರ್ಕಾರವು ಹೂಡಿದ್ದ ದಾವೆಯು ೧೯೫೬ರಲ್ಲಿ ಒಪ್ಪಂದದಲ್ಲಿ ಮುಗಿದಾಗ, ದೂರವಾಣಿ ಸಂಪರ್ಕದ ಹೊರತಾಗಿ ಬೇರೆ ವ್ಯಾಪಾರಕ್ಕೆ ಕೈಹಾಕದಂತೆ ಕಂಪನಿಯ ಮೇಲೆ ನಿರ್ಬಂಧವನ್ನು ಹೇರಲಾಗಿತ್ತು. ಆದಕಾರಣ ಯುನಿಕ್ಸನ್ನು ಸರಕಾಗಿ ಮಾರುವ ಸ್ಥಿತಿಯಲ್ಲಿ ಅದು ಇರಲಿಲ್ಲ. ಥಾಮ್ಸನ್ ಮತ್ತು ರಿಚಿಯವರ ಪ್ರಬಂಧವು ೧೯೭೪ರ ಜುಲೈ ತಿಂಗಳಲ್ಲಿ ಪ್ರಕಟವಾದ ಮೇಲೆ ಬೇಡಿಕೆಗಳು ಬರತೊಡಗಿದುವು. ವಿಶ್ವವಿದ್ಯಾಲಯಗಳಿಗೆ ಅಲ್ಪಶುಲ್ಕದ ಮೇಲೆ ಪರವಾನಗಿ ದೊರೆಯುತ್ತಿತ್ತು. ವ್ಯವಸ್ಥೆಯೊಡನೆ ಅದರ ಸೋರ್ಸ್ ಕೋಡ್, ಎಂದರೆ ಪ್ರೋಗ್ರಾಮುಗಾರನು ಬರೆದ ಮೂಲಪಾಠವೂ ಬರುತ್ತಿತ್ತು. ಕಂಪನಿಯಿಂದ ಬೇರೆ ಯಾವ ನೆರವೂ ಇರಲಿಲ್ಲ. ವ್ಯವಸ್ಥೆಯು ಕೆಟ್ಟರೆ ಪಡೆದವರೇ ಮೂಲಪಾಠವನ್ನು ಓದಿ ಸರಿಪಡಿಸಿಕೊಳ್ಳಬೇಕಾಗಿತ್ತು. ಓದುವ ಅಭ್ಯಾಸವು ಹೀಗೆ ಅವಶ್ಯಕತೆಯಿಂದಲೇ ಹುಟ್ಟಿತು.

೨. ವ್ಯಾಖ್ಯಾನದ ರಚನೆ

ಜಾನ್ ಲಯನ್ಸರು ಜನಿಸಿದುದು ೧೯೩೭ರಲ್ಲಿ. ಸಿಡ್ನಿಯಲ್ಲಿ ಪದವಿಯನ್ನೂ ಕೇಂಬ್ರಿಜ್‌ನಲ್ಲಿ ಡಾಕ್ಟರೇಟನ್ನೂ ಪಡೆದು, ಉತ್ತರ ಅಮೆರಿಕದಲ್ಲಿ ಕೆಲಕಾಲ ಉದ್ಯೋಗದಲ್ಲಿದ್ದು, ೧೯೭೨ರಲ್ಲಿ ಅವರು ಸಿಡ್ನಿಯ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯವನ್ನು ಸೇರಿದರು. ೧೯೭೪ರ ಪ್ರಬಂಧವು ಅವರ ಗಮನಕ್ಕೆ ಬಂದ ತರುವಾಯ ಆ ವಿಶ್ವವಿದ್ಯಾಲಯಕ್ಕೆ ಯುನಿಕ್ಸ್ ಬಂದಿತು. ೧೯೭೫ರಲ್ಲಿ ಹೊರಬಿದ್ದ ಅದರ ಆರನೆಯ ಆವೃತ್ತಿಯನ್ನೇ ಲಯನ್ಸರು ತಮ್ಮ ಪಾಠಕ್ಕೆ ಆರಿಸಿಕೊಂಡರು.

ಆ ಕಾಲದ ಅಧ್ಯಾಪನದಲ್ಲಿ ಎರಡು ಪದ್ಧತಿಗಳು ಬಳಕೆಯಲ್ಲಿದ್ದುವು. ತತ್ತ್ವಗಳನ್ನು ಮಾತ್ರ ಬೋಧಿಸಿ ಉದಾಹರಣೆಗಳಿಂದ ತೃಪ್ತರಾಗುವುದು ಒಂದು. ವಿದ್ಯಾರ್ಥಿಗಳಿಂದ ಆಟಿಕೆಯಂಥ ಒಂದು ಚಿಕ್ಕ ವ್ಯವಸ್ಥೆಯನ್ನು ಬರೆಯಿಸುವುದು ಇನ್ನೊಂದು. ಲಯನ್ಸರು ಮೂರನೆಯ ದಾರಿಯನ್ನು ಹಿಡಿದರು. ನಿಜವಾಗಿ ಕೆಲಸಮಾಡುತ್ತಿರುವ ಒಂದು ವ್ಯವಸ್ಥೆಯ ತಿರುಳನ್ನು ಮೊದಲಿನಿಂದ ಕೊನೆಯವರೆಗೆ ಓದಿಸುವುದೇ ಅವರ ಪದ್ಧತಿ. ಕರ್ನೆಲ್ ಎಂದು ಕರೆಯಲಾಗುವ ಈ ತಿರುಳು ಸುಮಾರು ೯,೦೦೦ ಸಾಲುಗಳಷ್ಟಿತ್ತು. ಒಬ್ಬ ಶ್ರದ್ಧಾವಂತ ವಿದ್ಯಾರ್ಥಿಯು ಒಂದು ಅವಧಿಯ ವ್ಯಾಸಂಗದಲ್ಲಿ ಪೂರ್ತಿಯಾಗಿ ಗ್ರಹಿಸಬಹುದಾದ ಗಾತ್ರ ಅದು.

ಗ್ರಂಥವು ಎರಡು ಭಾಗಗಳಲ್ಲಿದೆ. ಮೊದಲನೆಯದರಲ್ಲಿ ಮೂಲಪಾಠ ಮಾತ್ರವಿದೆ. ಲಯನ್ಸರು ಅದನ್ನು ಓದಿನ ಕ್ರಮಕ್ಕೆ ಹೊಂದುವಂತೆ ಜೋಡಿಸಿ, ಸಾಲುಗಳಿಗೆ ಒಂದೇ ಸರಣಿಯ ಅಂಕೆಗಳನ್ನು ಕೊಟ್ಟರು. ಎರಡನೆಯ ಭಾಗವು ವ್ಯಾಖ್ಯಾನ. ಅದು ಸಾಲುಸಂಖ್ಯೆಗಳನ್ನು ಹಿಡಿದುಕೊಂಡೇ ಮುಂದುವರಿಯುತ್ತದೆ. ವ್ಯವಸ್ಥೆಯು ಎಚ್ಚರಗೊಳ್ಳುವ ಬಗೆ ಮತ್ತು ಪ್ರಕ್ರಿಯೆಗಳ ನಿರ್ವಹಣೆ, ಯಂತ್ರದ ಅಡಚಣೆಗಳೂ ವ್ಯವಸ್ಥೆಗೆ ಬರುವ ಕರೆಗಳೂ, ಡಿಸ್ಕಿನೊಡನೆ ವ್ಯವಹಾರ, ಕಡತಗಳು, ಕೊನೆಗೆ ಟರ್ಮಿನಲ್ ಮೊದಲಾದ ಸಾಧನಗಳು ಹೀಗೆ ಐದು ಖಂಡಗಳಲ್ಲಿ ವಿಷಯವು ಹಂಚಿಕೆಯಾಗಿದೆ. ಓದುಗನು ಒಂದು ಕೈಯಲ್ಲಿ ಮೂಲವನ್ನೂ ಇನ್ನೊಂದು ಕೈಯಲ್ಲಿ ವ್ಯಾಖ್ಯಾನವನ್ನೂ ಇಟ್ಟುಕೊಂಡು ನಡೆಯಬೇಕು. ವ್ಯಾಖ್ಯಾನವನ್ನು ಮಾತ್ರ ಓದಿದವನಿಗೆ ಅದರಿಂದ ಹೆಚ್ಚಿನ ಪ್ರಯೋಜನವಿಲ್ಲ. ಸೂತ್ರಕ್ಕೆ ಭಾಷ್ಯವನ್ನೂ ಕಾವ್ಯಕ್ಕೆ ಟೀಕೆಯನ್ನೂ ಹಚ್ಚಿ ಓದಿಬಂದ ನಮ್ಮವರಿಗೆ ಈ ಕ್ರಮವು ಅಪರಿಚಿತವಾಗಿ ತೋರಲಾರದು.

೩. ೨೨೩೮ನೆಯ ಸಾಲಿನ ಪ್ರಸಂಗ

ವ್ಯಾಖ್ಯಾನಕಾರನ ಕಷ್ಟವೆಂಥದೆಂಬುದಕ್ಕೆ ಒಂದು ಪ್ರಸಂಗವನ್ನು ನೋಡೋಣ. ಪ್ರೋಗ್ರಾಮುಗಳನ್ನು ಬರೆಯುವವರು ಯಂತ್ರಕ್ಕೆ ಸಂಬಂಧಿಸದ, ಓದುವವರಿಗಾಗಿಯೇ ಇರುವ ಟಿಪ್ಪಣಿಗಳನ್ನು ನಡುನಡುವೆ ಸೇರಿಸುವುದುಂಟು. ಲಯನ್ಸರ ಅಂಕೆಯಂತೆ ೨೨೩೮ನೆಯ ಸಾಲಿನಲ್ಲಿ ಇಂಥ ಒಂದು ಟಿಪ್ಪಣಿಯಿದೆ. ಈ ಭಾಗವನ್ನು ಓದುಗನು ಅರ್ಥಮಾಡಿಕೊಳ್ಳುವನೆಂಬ ನಿರೀಕ್ಷೆ ತಮಗಿಲ್ಲವೆಂಬುದು ಅದರ ತಾತ್ಪರ್ಯ. ಯಂತ್ರವು ಒಂದು ಪ್ರಕ್ರಿಯೆಯನ್ನು ಬಿಟ್ಟು ಇನ್ನೊಂದಕ್ಕೆ ಹೊರಳುವ ಸೂಕ್ಷ್ಮ ಸ್ಥಾನ ಅದು. ಈ ಟಿಪ್ಪಣಿಯು ಮುಂದೆ ಆ ವೃತ್ತಿಯವರಲ್ಲಿ ಗಾದೆಯಷ್ಟು ಪ್ರಸಿದ್ಧವಾಯಿತು. ಕೆಲವರು ಅದನ್ನು ದರ್ಪದ ಮಾತೆಂದು ಭಾವಿಸಿದರು.

ರಿಚಿಯವರು ಅನಂತರ ಇದಕ್ಕೆ ಕೊಟ್ಟ ವಿವರಣೆಯು ಗಮನಾರ್ಹವಾಗಿದೆ. ಪರೀಕ್ಷೆಯಲ್ಲಿ ಇದನ್ನು ಕೇಳಲಾಗುವುದಿಲ್ಲ ಎನ್ನುವ ಅರ್ಥದಲ್ಲಿ ಅದನ್ನು ಬರೆದದ್ದೇ ಹೊರತು ಸವಾಲಾಗಿ ಅಲ್ಲವೆಂದು ಅವರು ತಿಳಿಸಿದರು. ಅಷ್ಟಕ್ಕೇ ನಿಲ್ಲದೆ, ಅಲ್ಲಿ ನಡೆಯುತ್ತಿದ್ದುದೇನೆಂಬುದು ನಿಜವಾಗಿ ತಮಗೂ ತಿಳಿದಿರಲಿಲ್ಲವೆಂದೂ ಒಪ್ಪಿಕೊಂಡರು. ಅಲ್ಲಿ ಬಳಸಿದ್ದ ಯುಕ್ತಿಯು ಪಿಡಿಪಿ-೧೧ ಎಂಬ ಯಂತ್ರದ ಸಿ ಕಂಪೈಲರಿನ ಒಂದು ವಿಶಿಷ್ಟ ನಡವಳಿಕೆಯನ್ನು ಅವಲಂಬಿಸಿತ್ತು. ವ್ಯವಸ್ಥೆಯನ್ನು ಬೇರೊಂದು ಯಂತ್ರಕ್ಕೆ ಸಾಗಿಸಲು ಹೊರಟಾಗ ಅದು ನಿಲ್ಲಲಿಲ್ಲ. ಆದ್ದರಿಂದ ಅದನ್ನು ಬದಲಾಯಿಸಬೇಕಾಯಿತು. ಕರ್ತೃವಿನ ಪ್ರತಿಷ್ಠೆಯು ಎಷ್ಟೇ ದೊಡ್ಡದಾಗಿರಲಿ, ಪಾಠವನ್ನು ಸಾಲುಸಾಲಾಗಿ ಪರೀಕ್ಷಿಸಿದಾಗ ಅವನ ತಿಳಿವಳಿಕೆಯ ಗಡಿಯೂ ಕಾಣಿಸಿಕೊಳ್ಳುತ್ತದೆಯೆಂಬುದಕ್ಕೆ ಇದಕ್ಕಿಂತ ಉತ್ತಮ ನಿದರ್ಶನವು ದುರ್ಲಭ. ತತ್ತ್ವಗಳನ್ನು ಮಾತ್ರ ವಿವರಿಸುವ ಪಠ್ಯಪುಸ್ತಕದಲ್ಲಿ ಇಂಥ ಸ್ಥಳವೊಂದು ಎದುರಾಗುವ ಸಂಭವವೇ ಇಲ್ಲ.

೪. ನಿರ್ಬಂಧವೂ ಪ್ರತಿಗಳೂ

ಯುನಿಕ್ಸಿನ ಮೂಲಪಾಠವು ಕಂಪನಿಯ ವ್ಯಾಪಾರರಹಸ್ಯವೆಂದು ಪರಿಗಣಿತವಾಗಿದ್ದಿತು. ಆದುದರಿಂದ ಲಯನ್ಸರ ಗ್ರಂಥವನ್ನು ಪರವಾನಗಿಯಿದ್ದ ಸಂಸ್ಥೆಗಳಿಗೆ ಮಾತ್ರ ಕೊಡಬಹುದಾಗಿತ್ತು. ಕೆಲಕಾಲಾನಂತರ ಅದರ ವಿತರಣೆಯನ್ನು ಬೆಲ್ ಪ್ರಯೋಗಾಲಯವೇ ವಹಿಸಿಕೊಂಡಿತು. ೧೯೭೯ರಲ್ಲಿ ಏಳನೆಯ ಆವೃತ್ತಿಯು ಬಂದಾಗ ಪರಿಸ್ಥಿತಿಯು ಇನ್ನೂ ಬಿಗಿಯಾಯಿತು. ಹೊಸ ಪರವಾನಗಿಯಲ್ಲಿ ಮೂಲಪಾಠವನ್ನು ತರಗತಿಯಲ್ಲಿ ಬೋಧಿಸಲು ಅವಕಾಶವಿರಲಿಲ್ಲ. ಯುನಿಕ್ಸಿನಿಂದ ಹಣ ಬರಬಹುದೆಂಬುದು ಅಷ್ಟರಲ್ಲಿ ಕಂಪನಿಗೆ ಮನವರಿಕೆಯಾಗಿತ್ತು. ೧೯೮೨ರಲ್ಲಿ ಹಳೆಯ ಒಪ್ಪಂದದ ಜಾಗದಲ್ಲಿ ಹೊಸ ಒಪ್ಪಂದವಾಗಿ, ೧೯೮೪ರಲ್ಲಿ ಕಂಪನಿಯು ವಿಭಜನೆಗೊಂಡ ಮೇಲೆ ಗಣಕ ವ್ಯಾಪಾರಕ್ಕೆ ಇದ್ದ ಅಡ್ಡಿಯೂ ನಿವಾರಣೆಯಾಯಿತು.

ಈ ಗ್ರಂಥವನ್ನು ನ್ಯಾಯಾಲಯವು ನಿಷೇಧಿಸಿತ್ತೆಂಬ ಭಾವನೆಯು ಕೆಲವರಲ್ಲಿದೆ. ಇದು ಸರಿಯಲ್ಲ. ಗ್ರಂಥವನ್ನು ತಡೆದುದು ಪರವಾನಗಿಯ ಕರಾರುಗಳು, ನ್ಯಾಯಾಲಯದ ಆಜ್ಞೆಯಲ್ಲ. ಹೀಗಿದ್ದರೂ ಓದುಗನ ಪಾಲಿಗೆ ಪರಿಣಾಮದಲ್ಲಿ ಹೆಚ್ಚಿನ ವ್ಯತ್ಯಾಸವಾಗಲಿಲ್ಲ. ವಿದ್ಯಾರ್ಥಿಗಳು ಗ್ರಂಥವನ್ನು ಜೆರಾಕ್ಸ್ ಯಂತ್ರಗಳಲ್ಲಿ ಪ್ರತಿಮಾಡಿಕೊಂಡರು. ಆ ಪ್ರತಿಯಿಂದ ಮತ್ತೊಂದು ಪ್ರತಿಯಾಯಿತು. ತರಗತಿಯಲ್ಲಿ ಓದಲಾಗದುದನ್ನು ಪಾಠದ ವೇಳೆ ಮುಗಿದ ಮೇಲೆ ಗುಂಪುಕೂಡಿ ಓದಿದರು. ಅಕ್ಷರಗಳು ಮಸುಕಾಗಿ ಅಂಚುಗಳು ಕತ್ತರಿಸಿಹೋದ ಎಷ್ಟನೆಯದೋ ಪ್ರತಿಯ ಪ್ರತಿಯೊಂದನ್ನು ಇಟ್ಟುಕೊಂಡಿರುವುದು ಆ ತಲೆಮಾರಿನ ಇಂಜಿನಿಯರುಗಳಲ್ಲಿ ಒಂದು ಹೆಮ್ಮೆಯ ವಿಷಯವಾಗಿತ್ತು. ಗಣಕವಿಜ್ಞಾನದಲ್ಲಿ ಅತ್ಯಧಿಕವಾಗಿ ಪ್ರತಿಮಾಡಲ್ಪಟ್ಟ ಗ್ರಂಥವಿದು ಎಂಬ ಖ್ಯಾತಿಯೂ ಅದಕ್ಕೆ ಬಂದಿತು. ಮರೆಯಲ್ಲಿ ನಡೆದ ಪ್ರತಿಗಳಿಗೆ ಲೆಕ್ಕವಿರುವುದಿಲ್ಲವಾದಕಾರಣ ಈ ಮಾತನ್ನು ಅಳತೆಯೆಂದು ಗ್ರಹಿಸದೆ ಪ್ರಸಿದ್ಧಿಯ ಕುರುಹೆಂದು ಗ್ರಹಿಸುವುದು ಯುಕ್ತ.

೫. ಪರಿಣಾಮಗಳು

ನಿರ್ಬಂಧದಿಂದ ಆದ ನಷ್ಟವು ಬೋಧನೆಯ ಕ್ಷೇತ್ರದಲ್ಲಿ ಸ್ಪಷ್ಟವಾಗಿದೆ. ಅನೇಕ ವಿಶ್ವವಿದ್ಯಾಲಯಗಳು ಮೂಲಪಾಠವನ್ನು ಕೈಬಿಟ್ಟು ಬರಿಯ ತತ್ತ್ವಬೋಧನೆಗೆ ಹಿಂದಿರುಗಿದುವು. ಇದರಿಂದ ವಿದ್ಯಾರ್ಥಿಗಳ ತಿಳಿವಳಿಕೆಯು ಏಕಮುಖವಾಗುತ್ತದೆಯೆಂದು ಮನಗಂಡವರಲ್ಲಿ ಆಮ್ಸ್ಟರ್‌ಡ್ಯಾಮಿನ ಅಧ್ಯಾಪಕ ಆಂಡ್ರ್ಯೂ ಟನೆನ್‌ಬಾಮ್ ಒಬ್ಬರು. ಎಟಿ ಅಂಡ್ ಟಿ ಕಂಪನಿಯ ಒಂದು ಸಾಲನ್ನೂ ಬಳಸದೆ, ಯುನಿಕ್ಸನ್ನು ಹೋಲುವ ಮಿನಿಕ್ಸ್ ಎಂಬ ಚಿಕ್ಕ ವ್ಯವಸ್ಥೆಯನ್ನು ಅವರು ಸ್ವತಂತ್ರವಾಗಿ ಬರೆದರು. ೧೯೮೭ರಲ್ಲಿ ಅವರ ಪಠ್ಯಗ್ರಂಥವು ಸುಮಾರು ೧೨,೦೦೦ ಸಾಲುಗಳ ಮೂಲಪಾಠದೊಡನೆ ಪ್ರಕಟವಾಯಿತು.

ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ವಿದ್ಯಾರ್ಥಿಯಾಗಿದ್ದ ಲೀನಸ್ ಟೋರ್ವಾಲ್ಡ್ಸ್ ಈ ಗ್ರಂಥವನ್ನು ಓದಿ, ಮಿನಿಕ್ಸನ್ನು ಬಳಸಿ, ೧೯೯೧ರಲ್ಲಿ ಲಿನಕ್ಸ್ ಎಂಬ ತಮ್ಮದೇ ಕರ್ನೆಲನ್ನು ಹೊರತಂದರು. ಇದನ್ನು ಆಧರಿಸಿ, ಲಯನ್ಸರ ಗ್ರಂಥದ ಮೇಲಿನ ನಿರ್ಬಂಧವೇ ಲಿನಕ್ಸಿಗೆ ಜನ್ಮವಿತ್ತಿತೆಂದು ಹೇಳುವವರಿದ್ದಾರೆ. ಈ ವಾದದ ಎರಡು ಕೊಂಡಿಗಳನ್ನು ಪ್ರತ್ಯೇಕಿಸಿ ನೋಡಬೇಕು. ನಿರ್ಬಂಧದಿಂದ ಮಿನಿಕ್ಸ್ ಹುಟ್ಟಿತೆಂಬುದಕ್ಕೆ ಟನೆನ್‌ಬಾಮರ ಹೇಳಿಕೆಯೇ ಆಧಾರವಾಗಿದೆ. ಎರಡನೆಯ ಕೊಂಡಿಯು ಅಷ್ಟು ಬಿಗಿಯಾಗಿಲ್ಲ. ಟೋರ್ವಾಲ್ಡ್ಸ್ ಹೊಸ ಕರ್ನೆಲನ್ನು ಬರೆದುದಕ್ಕೆ ತಾವು ಕೊಂಡಿದ್ದ ೩೮೬ ಯಂತ್ರದ ಸಾಮರ್ಥ್ಯವನ್ನು ಅರಿಯುವ ಕುತೂಹಲವೂ ಮಿನಿಕ್ಸಿನ ಮಿತಿಗಳೂ ಕಾರಣವಾಗಿದ್ದುವು. ಓದಿದ ಗ್ರಂಥವು ಅವರಿಗೆ ದಾರಿಯನ್ನು ತೋರಿಸಿತೆಂದು ಹೇಳಬಹುದೇ ಹೊರತು ಅದೊಂದೇ ಕಾರಣವೆಂದು ಹೇಳಲಾಗದು.

ಯುನಿಕ್ಸಿನ ಹಕ್ಕುಗಳು ಕೈಯಿಂದ ಕೈಗೆ ದಾಟಿ ಸಾಂಟಾ ಕ್ರೂಸ್ ಆಪರೇಷನ್ ಎಂಬ ಕಂಪನಿಗೆ ಸೇರಿದ ಬಳಿಕ, ಅದರ ಅನುಮತಿಯಿಂದ ೧೯೯೬ರಲ್ಲಿ ಲಯನ್ಸರ ಗ್ರಂಥವು ಮೊದಲ ಬಾರಿಗೆ ಬಹಿರಂಗವಾಗಿ ಅಚ್ಚಾಯಿತು. ಅಷ್ಟರಲ್ಲಿ ಅನಾರೋಗ್ಯದಿಂದ ಬೋಧನೆಯನ್ನು ಬಿಟ್ಟಿದ್ದ ಗ್ರಂಥಕರ್ತರು ಎರಡು ವರ್ಷಗಳ ತರುವಾಯ, ೧೯೯೮ರ ಡಿಸೆಂಬರಿನಲ್ಲಿ ನಿಧನ ಹೊಂದಿದರು. ೨೦೦೨ರಲ್ಲಿ ಹಳೆಯ ಆವೃತ್ತಿಗಳ ಮೂಲಪಾಠವನ್ನೇ ಮುಕ್ತ ಪರವಾನಗಿಯಡಿ ಬಿಡುಗಡೆ ಮಾಡಲಾಯಿತು. ಆ ಸುಮಾರಿಗೆ ಅಮೆರಿಕದ ಎಂಐಟಿಯಲ್ಲಿ ಲಯನ್ಸರ ಗ್ರಂಥವನ್ನಿಟ್ಟುಕೊಂಡು ಪಾಠವು ಪ್ರಾರಂಭವಾಯಿತು. ಪಿಡಿಪಿ-೧೧ ಯಂತ್ರವೇ ಬಳಕೆಯಿಂದ ಹೋಗಿದ್ದುದರಿಂದ, ೨೦೦೬ರಲ್ಲಿ ಆರನೆಯ ಆವೃತ್ತಿಯ ವಿನ್ಯಾಸವನ್ನು ಅನುಸರಿಸಿ ಹೊಸ ಯಂತ್ರಗಳಿಗೆ ಒಪ್ಪುವ ಎಕ್ಸ್‌ವಿ೬ ಎಂಬ ವ್ಯವಸ್ಥೆಯನ್ನು ಅಲ್ಲಿನ ಅಧ್ಯಾಪಕರು ರಚಿಸಿದರು. ಅದರ ಮೂಲಪಾಠವನ್ನೂ ಸಾಲುಸಂಖ್ಯೆಗಳೊಡನೆ ಅಚ್ಚುಮಾಡಿ, ವ್ಯಾಖ್ಯಾನವನ್ನು ಬೇರೆಯಾಗಿ ಬರೆಯಲಾಗಿದೆ. ಲಯನ್ಸರು ವಿವರಿಸಿದ ಯಂತ್ರವು ಮರೆಯಾದರೂ ಅವರ ಬೋಧನಾಕ್ರಮವು ಹೀಗೆ ಮುಂದುವರಿದಿದೆ.

೬. ಉಪಸಂಹಾರ

ಮೇಲ್ಕಂಡ ವಿವೇಚನೆಯಿಂದ ಎರಡು ನಿರ್ಣಯಗಳಿಗೆ ಬರಬಹುದು. ಮೊದಲನೆಯದಾಗಿ, ನಿರ್ದಿಷ್ಟ ಯಂತ್ರವೊಂದನ್ನು ಕುರಿತ ಕೈಪಿಡಿಗಳು ಆ ಯಂತ್ರದೊಡನೆಯೇ ಕಣ್ಮರೆಯಾಗುವುದು ಸಾಮಾನ್ಯ. ಲಯನ್ಸರ ಗ್ರಂಥವೂ ಒಂದು ಯಂತ್ರದ ಒಂದು ಆವೃತ್ತಿಯನ್ನೇ ಕುರಿತದ್ದು. ಅದಾದರೂ ಉಳಿದುಬಂದಿರುವುದಕ್ಕೆ ಕಾರಣ, ಇತರರ ಬರೆವಣಿಗೆಯನ್ನು ಸಮಗ್ರವಾಗಿ ಓದುವ ಶಿಸ್ತನ್ನು ಅದು ಕಲಿಸಿದುದು. ಇಂಜಿನಿಯರನು ತನ್ನ ವೃತ್ತಿಜೀವನದಲ್ಲಿ ಹೊಸದಾಗಿ ಬರೆಯುವುದಕ್ಕಿಂತ ಬೇರೆಯವರು ಬರೆದುದನ್ನು ಓದಿ ತಿದ್ದುವುದೇ ಹೆಚ್ಚು. ಅಧ್ಯಯನಕ್ರಮಗಳಲ್ಲಿಯಾದರೋ ಬರೆಯುವುದನ್ನು ಕಲಿಸುವಷ್ಟು ಓದುವುದನ್ನು ಕಲಿಸುವುದಿಲ್ಲ.

ಎರಡನೆಯದಾಗಿ, ಮೂಲಪಾಠವು ಮುಚ್ಚಿಹೋದಾಗ ಅದರ ಅಧ್ಯಾಪಕನು ಸಾರಾಂಶಗಳನ್ನು ಒಪ್ಪಿಸುವವನಾಗಬೇಕಾಗುತ್ತದೆ. ೧೯೭೯ರ ನಂತರ ಅನೇಕ ವಿಶ್ವವಿದ್ಯಾಲಯಗಳಲ್ಲಿ ನಡೆದುದು ಇದೇ. ಇತಿಹಾಸದ ಅಧ್ಯಾಪಕರಾದ ನಮಗೆ ಈ ಅಪಾಯವು ದೂರದ್ದಲ್ಲ. ನಮ್ಮ ಶಾಸನಗಳ ಸಂಪುಟಗಳನ್ನು ಯಾರೂ ಮುಚ್ಚಿಟ್ಟಿಲ್ಲ, ಅವು ಗ್ರಂಥಾಲಯಗಳಲ್ಲಿವೆ. ಆದರೂ ಒಂದು ಶಾಸನವನ್ನು ಸಾಲುಸಾಲಾಗಿ ಓದದೆಯೇ ರಾಜವಂಶಗಳ ಚರಿತ್ರೆಯಲ್ಲಿ ಪದವಿಯನ್ನು ಪಡೆಯುವುದು ಸಾಧ್ಯವಾಗಿದೆ. ಪರವಾನಗಿಯ ಕರಾರು ಅಲ್ಲಿ ಮಾಡಿದುದನ್ನು ಪ್ರಶ್ನೋತ್ತರದ ಮಾರ್ಗದರ್ಶಿಗಳು ಇಲ್ಲಿ ಮಾಡುತ್ತಿವೆ. ಲಯನ್ಸರು ಮಾಡಿದಂತೆ, ಒಂದು ಅವಧಿಯಲ್ಲಿ ಪೂರ್ತಿಯಾಗಿ ಓದಿ ಮುಗಿಸಬಹುದಾದಷ್ಟು ಮೂಲಪಾಠವನ್ನು ಆರಿಸಿ, ಸಾಲುಗಳಿಗೆ ಅಂಕೆಗಳನ್ನು ಕೊಟ್ಟು, ವಿದ್ಯಾರ್ಥಿಗಳ ಮುಂದಿಡುವ ಕೆಲಸವನ್ನು ಪ್ರತಿಯೊಂದು ವಿಭಾಗವೂ ಕೈಗೊಳ್ಳಬಹುದಾಗಿದೆ. ಅದಕ್ಕೆ ಬೇಕಾದುದು ಒಬ್ಬ ಅಧ್ಯಾಪಕನ ಒಂದೆರಡು ವರ್ಷಗಳ ಶ್ರಮ ಮಾತ್ರ.