ಶಿಲಾಯುಧ ಪರೀಕ್ಷೆ
ಪ್ರಾಚೀನ ಕಲ್ಲಿನ ಆಯುಧಗಳನ್ನು ಆಧುನಿಕ ಪ್ರತಿಕೃತಿಗಳಿಂದ ಬೇರ್ಪಡಿಸುವ ಪುರಾತತ್ತ್ವ ವಿಧಾನ. ಹೊಸಪೇಟೆಯ ಪೂರ್ವಕ್ಕೆ, ಬಳ್ಳಾರಿ ಬಳಿಯ ಸಂಗನಕಲ್ಲು–ಕಪ್ಪಗಲ್ಲು ಬೆಟ್ಟಗಳಲ್ಲಿ ನವಶಿಲಾಯುಗದ ಜನ ಡೋಲರೈಟ್ ಎಂಬ ಶಿಲೆಯ ಕೊಡಲಿಗಳನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸುತ್ತಿದ್ದರು. 19ನೆಯ ಶತಮಾನದಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಈ ನೆಲೆಯನ್ನು ಗುರುತಿಸಿದರು. ಚಕ್ಕೆ ಎಬ್ಬಿಸಿ, ಕುಟ್ಟಿ, ಬಂಡೆಗೆ ಮಸೆದು ಕೊಡಲಿಗೆ ರೂಪ ಕೊಡಲಾಗುತ್ತಿತ್ತು. ಮಸೆದ ತೋಡುಗಳು ಅಲ್ಲಿನ ಬಂಡೆಗಳ ಮೇಲೆ ಉಳಿದಿವೆ. ಪರೀಕ್ಷೆಗೆ ಮೈಬಣ್ಣ ಒಂದು ಸುಳಿವು: ಹೊಸದಾಗಿ ಒಡೆದ ಡೋಲರೈಟ್ ಕಡುಗಪ್ಪು. ಹಳೆಯದರ ಮೈ ಬಿಸಿಲು ಮಳೆಗೆ ಬೂದು ಅಥವಾ ಕಂದು ಬಣ್ಣಕ್ಕೆ ತಿರುಗಿ, ಚಕ್ಕೆ ಎದ್ದ ಗುಳಿಗಳಲ್ಲೂ ಅದೇ ಪದರ ಹರಡಿರುತ್ತದೆ. ಗುಳಿ ಮಾತ್ರ ತಾಜಾ ಇದ್ದರೆ ಸಂಶಯ ಸಹಜ, ಆದರೆ ನೇಗಿಲು ತಗಲಿಯೂ ಹಾಗಾಗಬಹುದು. ಯಂತ್ರಚಕ್ರದ ಸಮಾಂತರ ಗೀರು, ಉಕ್ಕಿನ ಸುತ್ತಿಗೆ ಬಿಟ್ಟ ಲೋಹದ ಗುರುತು, ಅಂಟು ಹಾಕಿ ಮೆತ್ತಿದ ಮಣ್ಣು ಪ್ರತಿಕೃತಿಯ ಲಕ್ಷಣಗಳು. ಇವೆಲ್ಲಕ್ಕಿಂತ ಬಲವಾದ ಸಾಕ್ಷ್ಯ ಆಯುಧ ದೊರೆತ ಮಣ್ಣಿನ ಸ್ತರದ ದಾಖಲೆ. 1940ರ ದಶಕದಲ್ಲಿ ಬಿ. ಸುಬ್ಬರಾವ್ ಸಂಗನಕಲ್ಲಿನಲ್ಲಿ ನಡೆಸಿದ ಉತ್ಖನನದ ವಸ್ತುಗಳು ಹೋಲಿಕೆಗೆ ಆಧಾರ.